ಚುಕ್ಕಿಯ ಮುಂದಿನ ಸೊನ್ನೆ

ಮೊಳಕಾಲ್ಮುರಿನ ಕಾಂಚನಾ ದಿನಾ ಬಸ್ಸಿನಲ್ಲಿ ಬಂದು ಚಳ್ಳಕೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೋಡಿಂಗ್ ಕೆಲಸ ಮಾಡುತ್ತಿದ್ದಳು. ರೋಗಿಗೆ ಏನಾಯಿತು, ಎಲ್ಲಾಯಿತು ಎಂಬುದನ್ನು ಅಕ್ಷರ, ಅಂಕಿಗಳಾಗಿ ಕಂಪ್ಯೂಟರಿಗೆ ತುಂಬಬೇಕು. ಲಾರಿ ಬಡಿದದ್ದು ಸಾರ್ವಜನಿಕ ರಸ್ತೆಯಲ್ಲಾದರೆ ಚುಕ್ಕಿಯ ಮುಂದೆ ಒಂದು. ಹೊಲ, ಕಣ, ಕಾಂಪೌಂಡಿನೊಳಗಾದರೆ ಸೊನ್ನೆ.

ಬಿ.ಜಿ. ಕೆರೆಯ ಹಮಾಲಿ ಚಿಕ್ಕೀರಪ್ಪನಿಗೆ ಅವಳು ಸೊನ್ನೆ ಹಾಕಿದ್ದಳು. ತಿಪ್ಪೇರುದ್ರಪ್ಪನವರ ಶೇಂಗಾ ಎಣ್ಣೆ ಮಿಲ್ಲಿನೊಳಗೆ, ಲಾರಿ ತೂಗುವ ವೇಬ್ರಿಡ್ಜ್ ಪಕ್ಕದಲ್ಲಿ, ಮಿಲ್ಲಿನದೇ ಲಾರಿ ಹಿಂದಕ್ಕೆ ಬಂದು ಅವನ ಬಲಗಾಲು ಮುರಿದಿತ್ತು.

ಮರುದಿನ ಬೆಳಿಗ್ಗೆ ಸಾಹುಕಾರರೇ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಹಣ್ಣು ರೋಗಿಗಲ್ಲ, ಕಾಂಚನಾಳಿಗೆ.

“ಸೊನ್ನೆ ಹಾಕಿದ್ದೀಯಂತೆ ತಾಯಿ. ಒಂದು ಮಾಡಿಬಿಡು. ಅವನು ಟೀ ಕುಡಿಯಾಕೆ ರಸ್ತೆ ದಾಟ್ತಿದ್ದ.”

ರಸ್ತೆಯೆಂದರೆ ಪರಿಹಾರವನ್ನು ಲಾರಿಯ ವಿಮೆ ಕೊಡುತ್ತದೆ. ಮಿಲ್ಲಿನೊಳಗೆಂದರೆ ಕಾರ್ಮಿಕ ಇಲಾಖೆಯವರು ಹಾಜರಿ ಪುಸ್ತಕ ಕೇಳುತ್ತಾರೆ. ಆರು ವರ್ಷ ಮೂಟೆ ಹೊತ್ತ ಚಿಕ್ಕೀರಪ್ಪನ ಹೆಸರು ಆ ಪುಸ್ತಕದಲ್ಲಿ ಇರಲೇ ಇಲ್ಲ.

ಔಷಧದ ಚೀಟಿ ಹಿಡಿದು ಅಲ್ಲೇ ನಿಂತಿದ್ದ ಅವನ ಹೆಂಡತಿ ಕೆಂಚಕ್ಕ ಗಕ್ಕನೆ ತಿರುಗಿದಳು.

“ಟೀಗೆ ನೀವು ಯಾವತ್ತು ಹೊರಗೆ ಬಿಟ್ಟಿದ್ರಿ ಸಾವ್ಕಾರ್ರೇ? ಉಚ್ಚೆ ಹೊಯ್ಯಾಕೂ ಕೇಳ್ಕಂಡೇ ಹೋಗ್ಬೇಕು!”

“ಗಾಯದಾಗೆ ಶೇಂಗಾ ಹೊಟ್ಟು ಇತ್ತು ಅಂತ ಡಾಕ್ಟ್ರು ಬರ್ದವ್ರೆ ಸಾರ್,” ಎಂದಳು ಕಾಂಚನಾ.

“ಚಳ್ಳಕೆರೇಲಿ ಹೊಟ್ಟು ಎಲ್ಲಿಲ್ಲಮ್ಮ? ನಮ್ಮನೆ ದೇವರ ಕೋಣೆಯಾಗೂ ಐತೆ.”

“ಹಂಗಾದ್ರೆ ಯಾವ ಜಾಗ ಅಂತ ನೀವೇ ಬರ್ದು ಸೈನ್ ಹಾಕ್ರಿ. ಫೈಲಿಗೆ ಸೇರಿಸ್ತೀನಿ.”

ಸಾಹುಕಾರರು ಖುಷಿಯಿಂದಲೇ ಬರೆದರು: ‘ನಮ್ಮ ಗೇಟಿನಿಂದ ವೇಬ್ರಿಡ್ಜ್‌ವರೆಗಿನ ಜಾಗ ಸಾರ್ವಜನಿಕ ರಸ್ತೆ.’ ದೃಢೀಕರಿಸಿ ಕೊಡಿ ಎಂದು ನಗರಸಭೆಗೂ ಒಂದು ಪ್ರತಿ ಕಳಿಸಿದರು. ಕಾಂಚನಾ ಪತ್ರವನ್ನು ಫೈಲಿಗೆ ಸೇರಿಸಿ, ಹಣ್ಣನ್ನು ಕೆಂಚಕ್ಕನ ಕೈಗಿತ್ತು, ಸೊನ್ನೆಯನ್ನು ಹಾಗೇ ಬಿಟ್ಟಳು.

ವಿಮೆಯವರು ಜಾಗ ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ಸಾಹುಕಾರರು ಗೇಟನ್ನೇ ಕೀಳಿಸಿ, ವೇಬ್ರಿಡ್ಜ್ ರಸ್ತೆಯ ಕಡೆಗೆ ಉಳಿಯುವಂತೆ ಮೂವತ್ತು ಅಡಿ ಒಳಗೆ ನೆಡಿಸಿದರು. ವಿಮೆಯ ಶಶಿಕಾಂತ್ ಬಂದು ಹೊಸ ಕಂಬಕ್ಕೆ ಒರಗಿ ಫೋಟೊ ತೆಗೆದ. ಹೊರಡುವಾಗ ನೋಡಿಕೊಂಡರೆ ಅಂಗಿಯ ತೋಳಿಗೆಲ್ಲ ಹಸಿ ಸಿಮೆಂಟು. ಆಸ್ಪತ್ರೆಯ ಫೈಲಿನಲ್ಲಿ ಸೊನ್ನೆಯನ್ನೂ ಕಂಡ ಮೇಲೆ ಅವನಿಗೆ ಹೆಚ್ಚೇನೂ ಕೇಳುವುದಿರಲಿಲ್ಲ. ಕ್ಲೇಮು ತಿರಸ್ಕಾರವಾಯಿತು.

ಆ ವಾರವೇ ನಗರಸಭೆಯ ಎಂಜಿನಿಯರ್ ಮಲ್ಲಿಕ್ ಟೇಪು ಹಿಡಿದು ಬಂದರು.

“ದೊಡ್ಡ ಮನಸ್ಸು ಸಾರ್ ನಿಮ್ದು. ಚರಂಡಿಗೆ ಜಾಗ ಸಿಗ್ದೆ ಎರಡು ವರ್ಷ ಒದ್ದಾಡಿದ್ವಿ. ನೀವೇ ರಸ್ತೆ ಅಂತ ಬರ್ದು ಕೊಟ್ರಿ!”

ಜೆಸಿಬಿ ಬಂತು. ಹೊಸ ಗೇಟಿಗೂ ವೇಬ್ರಿಡ್ಜಿಗೂ ನಡುವೆ ಚರಂಡಿ ತೋಡಿತು; ಮಿಲ್ಲಿನ ಲಾರಿಗಳಿಗೆ ತೂಕಕ್ಕೆ ಹೋಗುವ ದಾರಿಯೇ ಇಲ್ಲವಾಯಿತು.

ಕೆಂಚಕ್ಕ ಆಸ್ಪತ್ರೆಯ ಕಾಗದ ಹಿಡಿದು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಳು. ಸಾಹುಕಾರರೇ ಪರಿಹಾರ ಕೊಡಬೇಕೆಂದು ಆದೇಶವಾಯಿತು.

ಆಸ್ಪತ್ರೆಯ ಮ್ಯಾನೇಜರ್ ಕಾಂಚನಾಳನ್ನು ಕರೆಸಿ ರೇಗಿದ. “ಒಂದು ಅಂಕಿಗೆ ಇಷ್ಟು ಹಠನಾ? ಆ ಮಿಲ್ಲಿನೋರೆಲ್ಲ ಇನ್ಮೇಲೆ ಬೇರೆ ಆಸ್ಪತ್ರೆಗೆ ಹೋಗ್ತಾರೆ.”

“ಹೋಗ್ಲಿ ಬಿಡಿ ಸಾರ್. ಎಲ್ಲಿ ಬಡೀತು ಅಂತ ಅಲ್ಲೂ ಕೇಳ್ತಾರೆ.”

ಚಿಕ್ಕೀರಪ್ಪನ ಕಾಲು ಕೂಡಿಕೊಂಡಿತು, ಕೊಂಚ ಸೊಟ್ಟಗೆ. ಮೂಟೆ ಹೊರುವುದು ಇನ್ನಾಗದು. ಊರಿಗೆ ಹೋಗಿ ಪರಿಹಾರದ ಹಣದಲ್ಲಿ ಎಂಟು ಕುರಿ ಕಟ್ಟಿಕೊಂಡು, ಕುಂಟುತ್ತಲೇ ಅವುಗಳ ಹಿಂದೆ ಓಡಾಡತೊಡಗಿದ.