ಉಸ್ತಾದರ ಕಣ್ಣು

ಬಸವಣಪ್ಪ ಸಾಹುಕಾರರ ಹಳೆಯ ಫಿಯೆಟ್ಟಿಗೆ ಹುಮನಾಬಾದಿನ ಮೆಕ್ಯಾನಿಕ್ ಪೀರ್ ಪಾಷಾ ಉಸ್ತಾದರದ್ದು ಬಿಟ್ಟು ಬೇರೆ ಕೈ ಸೋಕಿದ್ದಿಲ್ಲ. ಅದು ಬಸವಕಲ್ಯಾಣದ ವೀರಭದ್ರನ ಹೊಸ ಗ್ಯಾರೇಜಿಗೆ ಬಂದದ್ದು ಒಂದು ಸುಳ್ಳಿನಿಂದ. ಉಸ್ತಾದರಿಗೆ ಈಗ ಕಣ್ಣು ಕಾಣುವುದಿಲ್ಲ ಎಂದು ವೀರಭದ್ರನೇ ಸಾಹುಕಾರರ ಕಿವಿಯಲ್ಲಿ ಊದಿದ್ದ. ನಟ್ಟು ಬಿಚ್ಚುವ ಪಾನಾ ಹಿಡಿಯಲು ತನಗೆ ಕಲಿಸಿದವರ ಬಗ್ಗೆಯೇ ಅಂಥ ಮಾತು.

ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಸವೆದಿತ್ತು. ಅದನ್ನು ಕೀಳುವ ಮುಂಚೆ ಒಳಗಿನ ರೋಟರ್ ಯಾವ ಕಡೆ ಮುಖ ಮಾಡಿದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಬೇಕು, ಹೊಸದನ್ನು ಅದೇ ಗೆರೆಗೆ ಕೂರಿಸಬೇಕು. ಉಸ್ತಾದರಲ್ಲಿ ಗೆರೆ ಎಳೆಯದೆ ಕಿತ್ತವನಿಗೆ ಅಂದು ಚಹಾ ಇಲ್ಲ. ಈಗ ತಾನೇ ಮಾಲೀಕ, ಗೆರೆ ಗಿರೆ ಕಲಿಯುವವರಿಗೆ ಎಂದುಕೊಂಡ ವೀರಭದ್ರ ಹಾಗೇ ಕಿತ್ತು ಹೊಸದನ್ನು ಕೂರಿಸಿದ. ಚಾವಿ ತಿರುಗಿಸಿದರೆ ಗಾಡಿ ಕೆಮ್ಮಿತು, ಸೈಲೆನ್ಸರಿನಿಂದ ಢಬ್ಬೆಂದಿತು, ಸುಮ್ಮನಾಯಿತು. ಪ್ಲಗ್ ಒರೆಸಿದ, ಬೆವರು ಒರೆಸಿಕೊಂಡ, ಏನೂ ನಡೆಯಲಿಲ್ಲ.

ಸಂಜೆ ಅದೇ ಗಾಡಿಯಲ್ಲಿ ಬೀಗರ ಮನೆಗೆ ಹೊರಡಬೇಕಿದ್ದ ಸಾಹುಕಾರರು ಬೇಸತ್ತು, ಕಣ್ಣು ಕಾಣದಿದ್ದರೂ ಕೇಳಿ ನೋಡೋಣವೆಂದು ತಾವೇ ಹುಮನಾಬಾದಿಗೆ ಉಸ್ತಾದರಿಗೆ ಫೋನ್ ಹಚ್ಚಿದರು. ಸಾಹುಕಾರರೂ ಉಸ್ತಾದರೂ ಎದುರುಬದುರಾದರೆ ವೀರಭದ್ರನ ಸುಳ್ಳು ಬಯಲಾಗುತ್ತಿತ್ತು.

ಬಸ್ಸಿಳಿದು ಬಂದ ಉಸ್ತಾದರು ಬಾನೆಟ್ಟಿನೊಳಗೆ ಇಣುಕಿ, ಗೆರೆ ಇಲ್ಲದ್ದನ್ನು ಕಂಡರು. ಡಿಸ್ಟ್ರಿಬ್ಯೂಟರ್ ಎತ್ತಿ, ರೋಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ಗಾಡಿ ಒಂದೇ ಚಾವಿಗೆ ಎದ್ದಿತು.

"ನಿಮಗ ಕಣ್ಣ ಕಾಣಂಗಿಲ್ಲಂತ ಈ ವೀರಭದ್ರ ಹೇಳಿದ್ನಲ್ರಿ?" ಎಂದರು ಸಾಹುಕಾರರು.

ವೀರಭದ್ರನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಉಸ್ತಾದರು ಕೈ ಒರೆಸಿಕೊಳ್ಳುತ್ತ ಅವನ ಮುಖವನ್ನು ಒಮ್ಮೆ ನೋಡಿದರು.

"ಖರೇನ ಹೇಳ್ಯಾನ್ರಿ. ಇದನ್ನ ಕೈ ಅಂದಾಜಿನ ಮ್ಯಾಲ ಮಾಡೇನಿ. ಇನ್ನ ಮುಂದ ಗಾಡಿ ಇವನ ಕಡೀಗೇ ತರ್ರಿ. ನನ್ನ ಕೈಯಾಗ ತಯಾರಾದಾಂವ ಅದಾನ."

ಸುಳ್ಳು ನನ್ನದು ಎನ್ನಲು ಅದೇ ಸರಿಯಾದ ಹೊತ್ತು. ವೀರಭದ್ರ ಅದನ್ನು ಬಿಟ್ಟು ಬಾನೆಟ್ಟು ಮುಚ್ಚಿ, ಸಾಹುಕಾರರಿಗೆ ಗಾಡಿಯ ಬಾಗಿಲು ತೆರೆದ. ಸಾಹುಕಾರರು ಗಾಡಿ ಬಿಟ್ಟರು, ಉಸ್ತಾದರು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವನು ನಾಚಿಕೆಯಿಂದ ಅಲ್ಲೇ ನಿಂತ.

ಕಣ್ಣು ಕಾಣದೆಂದು ಉಸ್ತಾದರೇ ಬಾಯಿಬಿಟ್ಟು ಒಪ್ಪಿಕೊಂಡರೆಂದು ಸಾಹುಕಾರರು ಹೋದಲ್ಲೆಲ್ಲ ಹೇಳಿದರು. ಸ್ವಲ್ಪ ದಿನಕ್ಕೇ ಹುಮನಾಬಾದಿನ ಗಾಡಿಗಳೂ ವೀರಭದ್ರನ ಬಾಗಿಲಿಗೆ ಬರತೊಡಗಿದವು. ಒಂದನ್ನೂ ಅವನು ಬೇಡವೆನ್ನಲಿಲ್ಲ. ಬಂದವರು ಉಸ್ತಾದರ ಕಣ್ಣಿನ ಮಾತೆತ್ತಿ ಅಯ್ಯೋ ಪಾಪ ಎಂದಾಗ ಮಾತ್ರ, ಕೆಲಸವಿರಲಿ ಬಿಡಲಿ, ಬಾನೆಟ್ಟಿನೊಳಗೆ ತಲೆ ತೂರಿಸಿಕೊಳ್ಳುತ್ತಾನೆ.