ಬರುವಾಗ ನಾಲ್ಕೇ ಜನ

"ನಿಜವಾದ ತೂಕ ಹೇಳಿ ಸರ್. ಇಲ್ಲಿ ನಾಚಿಕೊಂಡ್ರೆ ಅಲ್ಲಿ ರನ್‌ವೇ ಸಾಲೋದಿಲ್ಲ" ಎಂದಳು ಬಾಡಿಗೆ ವಿಮಾನದವರ ತೂಕದ ಯಂತ್ರದ ಪಕ್ಕ ನಿಂತಿದ್ದ ಹೆಂಗಸು.

ಬಾಮೈದ ಎಪ್ಪತ್ತೆಂಟು ಎಂದಿದ್ದ. ಹತ್ತಿ ನಿಂತರೆ ಯಂತ್ರ ಎಂಬತ್ತೊಂಬತ್ತು ತೋರಿಸಿತು. ಅವಳು ಮುಖದಲ್ಲಿ ಏನನ್ನೂ ತೋರಿಸದೆ ಅದನ್ನೇ ಬರೆದುಕೊಂಡಳು. ಕಂಪನಿಯ ವಕೀಲರು ಬೇರೆ ಕಡೆ ನೋಡಿದರು. ಭಾವನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಬಾಮೈದ ಯಂತ್ರದಿಂದ ಇಳಿಯುತ್ತ ಅವನನ್ನು ನುಂಗುವ ಹಾಗೆ ನೋಡಿದ.

ಭಾವ ಎಂದರೆ ಕಂಪನಿಯ ಯಜಮಾನನಾದ ಈ ಬಾಮೈದನ ಅಕ್ಕನ ಗಂಡ. ಆದರೆ ಕ್ಯಾಂಟೀನಿನವನಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರೂ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಕೆಲವರು ಪ್ರೀತಿಯಿಂದ, ಉಳಿದವರು ಅವನಿಗೆ ಆ ಕುರ್ಚಿ ಹೇಗೆ ಸಿಕ್ಕಿತೆಂಬುದು ಯಾರಿಗೂ ಮರೆಯದಿರಲಿ ಎಂದು. ಕಂಪನಿ ನೀರೆತ್ತುವ ಪಂಪು ಮಾಡುತ್ತಿತ್ತು. ಎರಡು ಕಾರ್ಖಾನೆಗಳಲ್ಲಿ ದೂರದ್ದನ್ನು, ಹಳೆಯದನ್ನು, ಹತ್ತೊಂಬತ್ತು ವರ್ಷದ ಹಿಂದೆ ಬರೀ ತಗಡಿನ ಶೆಡ್ಡಿನಿಂದ ಎಬ್ಬಿಸಿ ನಿಲ್ಲಿಸಿದವನು ಅವನೇ.

ಆ ಕಾರ್ಖಾನೆಯ ಊರಿಗೆ ರಸ್ತೆಯಲ್ಲಿ ಒಂಬತ್ತು ತಾಸು. ಟಿಕೆಟ್ಟಿನ ವಿಮಾನ ಹೋಗುವುದಿಲ್ಲ. ಆದರೆ ಊರಾಚೆ ಮೋಜಿಗೆ ವಿಮಾನ ಹಾರಿಸುವವರ ಒಂದು ಗಿಡ್ಡ ರನ್‌ವೇ ಇತ್ತು. ಬಾಡಿಗೆಗೆ ಸಿಗುವ ಪುಟ್ಟ ಜೆಟ್ ಅಂಥದ್ದರಲ್ಲೂ ಇಳಿಯುತ್ತದೆ, ಬೆಳಿಗ್ಗೆ ಹೋಗಿ ಸಂಜೆ ಚಹಾಕ್ಕೆ ಮನೆಗೆ ಬರಬಹುದು ಎಂದು ವಾರದ ಹಿಂದೆ ಬಾಮೈದ ಹುರುಪಿನಿಂದ ಹೇಳಿದ್ದ. "ನೀವೇ ಬಂದು ಹೊಸ ಆರ್ಡರಿನ ವಿಷಯ ಹೇಳಿ ಭಾವ. ನಿಮ್ಮ ಬಾಯಿಂದ ಬಂದ್ರೆ ಜನ ನಂಬ್ತಾರೆ." ಭಾವ ಎರಡು ದಿನ ಕೂತು ಭಾಷಣ ಬರೆದುಕೊಂಡಿದ್ದ. ಹೆಮ್ಮೆ ಬೇರೆ.

ಈಗ ಬಾಮೈದ, ವಕೀಲರು, ಜೊತೆಗೆ ಬಂದಿದ್ದ ದಪ್ಪ ಕುತ್ತಿಗೆಯ ಇಬ್ಬರು ವಿಮಾನದ ಕಡೆ ನಡೆದರು. ಆ ಇಬ್ಬರನ್ನು ಭಾವ ಪಂಪು ಕೊಳ್ಳುವ ವ್ಯಾಪಾರಿಗಳೆಂದು ತಿಳಿದು ಆಗಲೇ ಎರಡು ಸಲ ಕೈ ಕುಲುಕಿದ್ದ. ಅವನು ಕೊನೆಯವನಾಗಿ ಯಂತ್ರ ಹತ್ತಿದ.

"ಎಪ್ಪತ್ತೊಂದು. ನೀವೊಬ್ರೇ ನಿಜ ಹೇಳಿದ್ದು" ಎಂದಳು ಹೆಂಗಸು. "ನಿಮ್ಮ ಬ್ಯಾಗ್ ಎಲ್ಲಿ ಸರ್?"

"ಬ್ಯಾಗ್ ಯಾಕೆ? ಸಂಜೆ ವಾಪಸ್ ಬರ್ತೀವಲ್ಲ."

ಅವಳು ಕನ್ನಡಕ ಸರಿಮಾಡಿಕೊಂಡು ಎರಡನೆಯ ಹಾಳೆ ನೋಡಿದಳು. ಹೋಗುವುದಕ್ಕೊಂದು, ಬರುವುದಕ್ಕೊಂದು ಪಟ್ಟಿ ಮಾಡುವುದು ಅವಳ ಕೆಲಸ. ಮಧ್ಯಾಹ್ನದ ಬಿಸಿಲಿಗೆ, ಆ ಗಿಡ್ಡ ರನ್‌ವೇಗೆ, ಒಂದೊಂದು ಕಿಲೋವೂ ಲೆಕ್ಕವೇ. "ಬರುವಾಗ ನಾಲ್ಕೇ ಜನ ಇದ್ದಾರಲ್ಲ ಸರ್. ನಿಮ್ಮ ಹೆಸರಿಲ್ಲ. ನಿಮ್ಮ ಸೀಟ್ ಕಳಚಿ ಅಲ್ಲಿ ಎರಡು ಪೆಟ್ಟಿಗೆ ಕಟ್ಬೇಕು ಅಂತ ಹೇಳಿದ್ದಾರೆ. ಹಿತ್ತಾಳೆ ಅಚ್ಚು, ಒಟ್ಟು ಎಂಬತ್ತು ಕೆ.ಜಿ. ಉಳ್ಕೊಳ್ಳೋರ ಬ್ಯಾಗನ್ನ ಕೊನೇಲಿ ಹಾಕಿದ್ರೆ ಇಳಿಸೋಕೆ ಸುಲಭ, ಅದಕ್ಕೇ ಕೇಳಿದೆ."

ಭಾವ ಯಂತ್ರದ ಮೇಲೆಯೇ ನಿಂತಿದ್ದ. ಪಂಪಿನ ಭಾಗಗಳನ್ನು ಎರಕ ಹೊಯ್ಯಲು ಬೇಕಾದ ಹಿತ್ತಾಳೆಯ ಮೂಲ ಅಚ್ಚುಗಳು ಆ ಕಾರ್ಖಾನೆಯ ಪ್ರಾಣ. ಅವಿಲ್ಲದಿದ್ದರೆ ಎರಕದ ಮನೆ ಬರೀ ಒಲೆ. ಅವುಗಳಲ್ಲಿ ಅರ್ಧವನ್ನು ಅವನೇ ಎರಕದ ಮೇಸ್ತ್ರಿಯ ಜೊತೆ ಕೂತು ಉಜ್ಜಿ ಮಾಡಿದ್ದ. ಹೊಸ ಆರ್ಡರ್ ಬಂದ ಕಾರ್ಖಾನೆಯಿಂದ ಯಾರೂ ಅಚ್ಚು ಹೊರಗೆ ಸಾಗಿಸುವುದಿಲ್ಲ.

"ಗೊತ್ತಿರ್ಲಿಲ್ವಾ ಸರ್?" ಎಂದಳು ಹೆಂಗಸು. ಕೇಳಬಾರದ್ದನ್ನು ಕೇಳಿದೆನೆಂದು ಅವಳಿಗೆ ಆಗಷ್ಟೇ ಹೊಳೆದಂತಿತ್ತು.

"ಗೊತ್ತಿತ್ತು, ಮರೆತಿದ್ದೆ" ಎಂದು ಅವನು ಕೆಳಗಿಳಿದ.

ಆ ಜೆಟ್ಟಿನ ಒಳಗೆ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಸೀಟುಗಳು ಎದುರುಬದುರಾಗಿದ್ದು ಬಾಮೈದನ ಮೊಣಕಾಲು ಭಾವನ ಮೊಣಕಾಲಿಗೆ ತಾಗುತ್ತಿತ್ತು. ಜಗಳವಾಡಿದರೆ ಎದ್ದು ಹೋಗಲು ಜಾಗವಿಲ್ಲ, ಪಿಸುಗುಟ್ಟಿದರೂ ಎಲ್ಲರಿಗೂ ಕೇಳಿಸುತ್ತದೆ. ಮೇಲೇರಿ ಹತ್ತು ನಿಮಿಷವಾದ ಮೇಲೆ ಬಾಮೈದ ಗೋಡಂಬಿಯ ಪೊಟ್ಟಣ ಒಡೆದು ಚಾಚಿದ.

"ಭಾಷಣ ಉದ್ದ ಇದೆ ತಾನೇ? ಅರ್ಧ ಗಂಟೆಯಾದ್ರೂ ಮಾತಾಡ್ಬೇಕು ನೀವು."

"ಅರ್ಧ ಗಂಟೇಲಿ ಪೆಟ್ಟಿಗೆ ಹಿಂದಿನ ಗೇಟ್ ದಾಟ್ತವಾ?"

ಗೋಡಂಬಿ ಚಾಚಿದ ಕೈ ಅಲ್ಲೇ ನಿಂತಿತು. ವಕೀಲರು ಕೂಡಲೇ ಕಿಟಕಿಯ ಹೊರಗೆ ಮೋಡ ನೋಡಲು ಶುರುಮಾಡಿದರು.

"ಯಾರು ಹೇಳಿದ್ದು?"

"ನೀನು ಬರೆಸಿದ ಪಟ್ಟೀನೇ ಹೇಳ್ತು. ವಿಮಾನದವರಿಗೆ ಸುಳ್ಳು ಹೇಳೋ ಹಾಗಿಲ್ಲ, ಅಲ್ವಾ? ಮನೆಯವರಿಗಾದ್ರೆ ಹೇಳ್ಬಹುದು."

ಬಾಮೈದ ಪೊಟ್ಟಣವನ್ನು ಮಡಚಿ ಪಕ್ಕಕ್ಕಿಟ್ಟ. ಅವನಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. "ಸರಿ, ಕೇಳಿ. ಸಂಜೆ ಐದಕ್ಕೆ ಗೇಟಿಗೆ ಕಾರ್ಖಾನೆ ಮುಚ್ಚೋ ನೋಟೀಸ್ ಅಂಟಿಸ್ತಾರೆ. ಅಚ್ಚು ಲಾರೀಲಿ ಹಾಕಿದ್ರೆ ನಿಮ್ಮ ಆ ಜನ ಹೆದ್ದಾರೀಲೇ ಅಡ್ಡ ಮಲಗ್ತಾರೆ. ಆಕಾಶದಲ್ಲಿ ಯಾರು ಮಲಗ್ತಾರೆ? ನೀವು ಎರಡು ದಿನ ಅಲ್ಲಿದ್ದು ಅವರನ್ನ ಸಮಾಧಾನ ಮಾಡಿ, ಬಸ್ಸಲ್ಲೋ ಕಾರಲ್ಲೋ ಬನ್ನಿ."

"ಬಂದ ಮೇಲೆ?"

"ಬಂದ ಮೇಲೆ ವಿಶ್ರಾಂತಿ. ವಯಸ್ಸಾಯ್ತು ನಿಮಗೆ."

"ನನಗೆ ಐವತ್ತಾರು."

"ಭಾವ, ನಮ್ಮ ಅನ್ನ ತಿಂದು ನಮಗೇ ಲೆಕ್ಕ ಕೇಳ್ಬೇಡಿ."

"ಅನ್ನ ತಿಂದಿದ್ದೀನಿ, ಅದಕ್ಕೇ ಇನ್ನೂರು ಜನರ ಬಾಯಿಗೆ ನನ್ನ ಕೈಯಲ್ಲಿ ಮಣ್ಣು ಹಾಕಿಸ್ತೀಯಾ? ಅಕ್ಕನ ಮುಖ ನೋಡಿಯಾದ್ರೂ…"

"ಅಕ್ಕನಿಗೆ ಗೊತ್ತು" ಎಂದ ಬಾಮೈದ.

ದಪ್ಪ ಕುತ್ತಿಗೆಯವರಲ್ಲಿ ಒಬ್ಬ ಕೆಮ್ಮಿದ. ಬೆಳಿಗ್ಗೆ ಹೆಂಡತಿ ಮಂಚದ ಮೇಲೆ ಒಂದು ಜೊತೆ ಬಟ್ಟೆ, ಒಂದು ಟವೆಲ್ ಮಡಚಿಟ್ಟಿದ್ದಳು. "ಇಟ್ಕೊಂಡು ಹೋಗಿ, ಇರ್ಲಿ" ಎಂದಿದ್ದಳು. "ಒಂದು ದಿನಕ್ಕೆ ಯಾರೇ ಗಂಟು ಹೊರ್ತಾರೆ?" ಎಂದು ಇವನು ನಕ್ಕು ಅದನ್ನು ಕಪಾಟಿಗೆ ವಾಪಸ್ ತುರುಕಿದ್ದ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಇನ್ನೊಂದು ಮಾತು ಆಡಿರಲಿಲ್ಲ. ಮೂವತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳು ಅವನಿಗೆ ಕೊಟ್ಟ ಸುಳಿವು ಅಷ್ಟೇ.

"ನೀವಿರೋ ಮನೆ ಕಂಪನೀದು ಅನ್ನೋದು ಅವಳಿಗೆ ನೆನಪಿದೆ. ನೀವೂ ನೆನಪಿಟ್ಕೊಳ್ಳಿ" ಎಂದು ಬಾಮೈದ ಮೊಣಕಾಲು ಎಳೆದುಕೊಂಡು ಕಣ್ಣು ಮುಚ್ಚಿದ. ನಿದ್ದೆ ಮಾಡಲಿಲ್ಲ, ಮಾಡಿದ ಹಾಗೆ ತೋರಿಸಿದ. ಅರ್ಧ ತಾಸಿನ ಮೇಲೆ ವಿಮಾನ ಇಳಿದಾಗ ರನ್‌ವೇ ಬಳಿ ಕಾದಿದ್ದ ಒಂದು ಕಾರು, ಒಂದು ಜೀಪು ಐವರನ್ನೂ ಕಾರ್ಖಾನೆಗೆ ಕರೆದೊಯ್ದವು.

ಕಾರ್ಖಾನೆಯಲ್ಲಿ ಊಟದ ಸೈರನ್ ಆಗಲೇ ಆಗಿತ್ತು. ಅಂಗಳದಲ್ಲಿ ಜನ ಕೈ ತೊಳೆದುಕೊಂಡು, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಗುಂಪಾಗಿ ನಿಂತಿದ್ದರು. ಲೋಡಿಂಗ್ ಕಟ್ಟೆಯ ಮೇಲೆ ಮೈಕಿತ್ತು. ಭಾವ ಹತ್ತಿದಾಗ ಚಪ್ಪಾಳೆ ಬಿತ್ತು. ಯಾರೋ "ಭಾವ, ವಿಮಾನದಲ್ಲಿ ಬಂದ್ರಂತೆ! ನಮ್ಮನ್ನ ಯಾವಾಗ ಹತ್ತಿಸ್ತೀರಿ?" ಎಂದು ಕೂಗಿದರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಎರಕದ ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಅವನ ಮುಂಗೈ ತುಂಬ ಕಾದ ಲೋಹ ಸಿಡಿದ ಹಳೆಯ ಕಲೆಗಳು.

ಭಾವ ಹಾಳೆ ಬಿಚ್ಚಿದ. ಎರಕದ ಮನೆಯ ಹಿಂದೆ ಜೀಪಿನ ಎಂಜಿನ್ ಶುರುವಾದದ್ದು ಕಟ್ಟೆಯ ಮೇಲಿದ್ದ ಅವನಿಗೆ ಕೇಳಿಸಿತು. ಕೆಳಗಿನವರಿಗೆ ಕೇಳಿಸಿರಲಿಕ್ಕಿಲ್ಲ.

"ಹೊಸ ಆರ್ಡರ್ ಬಂದಿದೆ" ಎಂದು ಓದಿದ. ಇನ್ನೊಂದು ಚಪ್ಪಾಳೆ. ಎರಡನೆಯ ಸಾಲನ್ನೂ ಓದಿದ, ಮೂರನೆಯದನ್ನೂ. ಅವನ ಧ್ವನಿ ಚೆನ್ನಾಗಿಯೇ ಇತ್ತು. ಹೀಗೆಯೇ ಓದುತ್ತ ಹೋದರೆ ಮನೆ ಉಳಿಯುತ್ತದೆ, ಹೆಂಡತಿ ಉಳಿಯುತ್ತಾಳೆ, ಸಂಜೆ ಐದರವರೆಗೆ ಮರ್ಯಾದೆಯೂ ಉಳಿಯುತ್ತದೆ. ನಾಲ್ಕನೆಯ ಸಾಲಿನಲ್ಲಿ 'ನಾವೆಲ್ಲ ಒಂದೇ ಮನೆಯವರು' ಎಂದಿತ್ತು. ಅವನು ಅದರ ಮೇಲೆ ಕಣ್ಣಿಟ್ಟು ನಿಂತುಬಿಟ್ಟ. ಮೈಕು ಕುಂಯ್ ಎಂದಿತು.

"ಹಿಂದಿನ ಗೇಟಿಗೆ ಓಡಿ" ಎಂದ. "ಅಚ್ಚು ಸಾಗಿಸ್ತಿದ್ದಾರೆ. ಆರ್ಡರ್ ಗೀರ್ಡರ್ ಏನಿಲ್ಲ. ಸಂಜೆ ಬೀಗ ಹಾಕ್ತಾರೆ. ಓಡ್ರೋ!"

ಮೊದಲು ಮೇಸ್ತ್ರಿ ಓಡಿದ, ಅವನ ಹಿಂದೆ ಇಡೀ ಅಂಗಳ ಓಡಿತು.

ಭಾವ ಅಲ್ಲಿಗೆ ತಲುಪುವಷ್ಟರಲ್ಲಿ ಜನ ಹಿಂದಿನ ಗೇಟು ಮುಚ್ಚಿದ್ದರು. ದಪ್ಪ ಕುತ್ತಿಗೆಯವರು ಪೆಟ್ಟಿಗೆಗಳನ್ನು ಮಣ್ಣಿನ ಮೇಲೆ ಬಿಟ್ಟು ಜೀಪಿನೊಳಗೆ ಸೇರಿ ಗಾಜು ಏರಿಸಿಕೊಂಡಿದ್ದರು. ವಕೀಲರು ಆಗಲೇ ಕಾರಿನಲ್ಲಿದ್ದರು. ಬಾಮೈದನ ಅಂಗಿಯ ತೋಳು ಹರಿದಿತ್ತು. ಜನ ಬೈಯುತ್ತಲೇ ಅವನಿಗೆ ದಾರಿ ಬಿಟ್ಟರು. ಅವರಿಗೆ ಬೇಕಾದದ್ದು ಅಚ್ಚು, ಅವನಲ್ಲ.

"ಹಾಳಾಗಿ ಹೋಗ್ತೀರಿ ಭಾವ" ಎಂದ ಅವನು, ಕಾರಿನ ಬಾಗಿಲು ಹಿಡಿದು. "ಇನ್ನು ಆ ಮನೆ ಮೆಟ್ಟಿಲು ಹತ್ತಿದ್ರೆ ನೋಡಿ!"

ಗೇಟು ತೆರೆಸಿಕೊಂಡು ಜೀಪು, ಕಾರು ಎರಡೂ ಹೋದವು. ಜನ ಗೇಟಿಗೆ ಸರಪಳಿ ಬಿಗಿದು, ಯಾರು ಯಾವಾಗ ಕಾವಲು ಕೂರಬೇಕೆಂದು ಅಲ್ಲೇ ಜಗಳವಾಡತೊಡಗಿದರು. ಭಾವನ ಹತ್ತಿರ ಯಾರೂ ಬರಲಿಲ್ಲ. ಅವನು ಬರುತ್ತಾರೆಂದು ಕಾಯುತ್ತಿದ್ದ, ನಿಜ ಹೇಳಬೇಕೆಂದರೆ. ಒಬ್ಬನಾದರೂ ಬಂದು ಹೆಗಲ ಮೇಲೆ ಕೈಯಿಡುತ್ತಾನೆಂದುಕೊಂಡಿದ್ದ.

ಮುಕ್ಕಾಲು ತಾಸು ಕಳೆದಿರಬೇಕು. ಆ ಪುಟ್ಟ ಜೆಟ್ ಎರಕದ ಮನೆಯ ಹೊಗೆಕೊಳವೆಯ ಮೇಲಿಂದಲೇ ಏರಿಹೋಯಿತು. ಎಲ್ಲರೂ ತಲೆಯೆತ್ತಿ ನೋಡಿದರು. ಸದ್ದು ಅಡಗಿದ ಮೇಲೆ ಒಬ್ಬೊಬ್ಬರಾಗಿ ತಿರುಗಿ ಭಾವನನ್ನು ನೋಡಿದರು.

ಮೇಸ್ತ್ರಿ ಹತ್ತಿರ ಬಂದ. "ನಿಮಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ, ವಿಮಾನ ಹತ್ತುವಾಗ. ತೂಕ ಮಾಡೋ ಹೆಂಗಸು ಬಾಯಿ ತಪ್ಪಿ ಹೇಳಿದ್ಲು. ವಾಪಸ್ ಹೋಗೋಕೆ ನನಗೆ ಸೀಟ್ ಇಟ್ಟಿರ್ಲಿಲ್ಲ."

"ಆದ್ರೂ ಮೈಕ್ ಹಿಡಿದು ಆರ್ಡರ್ ಬಂದಿದೆ ಅಂತ ಓದಿದ್ರಿ."

"ಮೂರು ಸಾಲು."

"ಮೂರು ಸಾಲು" ಎಂದ ಮೇಸ್ತ್ರಿ. ಹಣೆಯ ಬೆವರನ್ನು ಮುಂಗೈಯಿಂದ ಒರೆಸಿಕೊಂಡ. "ಸೀಟ್ ಇಟ್ಟಿದ್ರೆ?"

ಭಾವನಿಗೆ ಅರ್ಥವಾಗಲಿಲ್ಲವೆಂದಲ್ಲ. ಆದರೂ "ಏನು?" ಎಂದ.

"ವಾಪಸ್ ಹೋಗೋಕೆ ನಿಮಗೂ ಒಂದು ಸೀಟ್ ಇಟ್ಟಿದ್ರೆ ನಮಗೆ ಹೇಳ್ತಿದ್ರಾ?"

ಹೇಳುತ್ತಿದ್ದೆ ಎನ್ನುವುದು ಎಷ್ಟೊತ್ತಿನ ಕೆಲಸ? ಬಾಯಿಯವರೆಗೂ ಬಂದಿತ್ತು. ಭಾವ ಮೇಸ್ತ್ರಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಗೊತ್ತಿಲ್ಲ ಮೇಸ್ತ್ರಿ" ಎಂದ.

ಯಾರೋ ಹಿಂದೆ ಉಗಿದರು. ಮೇಸ್ತ್ರಿ ಬಗ್ಗಿ, ಮಣ್ಣಲ್ಲಿ ವಾರೆಯಾಗಿ ಬಿದ್ದಿದ್ದ ಪೆಟ್ಟಿಗೆಯ ಒಂದು ಬದಿಯ ಹಿಡಿಕೆಗೆ ಕೈಹಾಕಿದ.

"ಆ ಕಡೆ ಹಿಡ್ಕೊಳ್ಳಿ" ಎಂದ.

ಭಾವ ಹಿಡಿದುಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಹೆಜ್ಜೆ ತಾಳೆಯಾಗದೆ, ಪೆಟ್ಟಿಗೆಯನ್ನು ಅತ್ತಿತ್ತ ಎಳೆದಾಡುತ್ತ ಎರಕದ ಮನೆಯ ಕಡೆ ನಡೆದರು.