ಅಂಗಿ ಮಡಚುವ ಅಳಿಯ

ಅನುಮಾನಪಡುವುದೇ ನನ್ನ ಕಸುಬು. ಕಂಪನಿ ಹೊಸ ಯಂತ್ರವನ್ನೋ ತಂತ್ರಾಂಶವನ್ನೋ ಕೊಳ್ಳುವ ಮೊದಲು, ಹಾಕಿದ ಹಣ ಹಿಂದಿರುಗುತ್ತದೆಯೇ, ಎಷ್ಟು ಕಾಲಕ್ಕೆ, ಯಾರ ಕೆಲಸ ಎಷ್ಟು ಹಗುರಾಗುತ್ತದೆ ಎಂದು ಅಳೆದು ತೂಗಿ ಹೇಳಬೇಕು. ಆ ಅನುಮಾನವನ್ನು ಮನೆಗೂ ಹೊತ್ತು ತರುತ್ತೇನೆಂದು ಗಂಡ ರೇಗಿಸುತ್ತಾನೆ. ಹಾಗಿರುವಾಗ, ಅತ್ತೆ ಮಾವ ನಡೆಸುವ ಲಾಂಡ್ರಿಗೆ ಬಟ್ಟೆ ಮಡಚುವ ಯಂತ್ರ ತರಿಸೋಣ ಎಂದು ನಾನೇ ಬಾಯಿಬಿಟ್ಟದ್ದು ಮಾವನಿಗೆ ಆಶ್ಚರ್ಯ.

ಕಾರಣ ಅತ್ತೆಯ ಬಲಭುಜ. ಅಂಗಡಿಯ ಉದ್ದ ಮೇಜಿನ ಮುಂದೆ ವರ್ಷಗಟ್ಟಲೆ ನಿಂತು ಬಟ್ಟೆ ಮಡಚಿದ ಕೈ ಈಗ ತಲೆ ಬಾಚಿಕೊಳ್ಳಲೂ ನೋವಿಲ್ಲದೆ ಮೇಲೇಳುತ್ತಿರಲಿಲ್ಲ. ಕೆಲಸ ಕಡಿಮೆ ಮಾಡದಿದ್ದರೆ ಭುಜ ಪೂರ್ತಿ ಹಿಡಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು.

ಯಂತ್ರ ಒಂದು ತಿಂಗಳ ಪರೀಕ್ಷೆಗೆಂದು ಬಂತು. ಹಿಡಿಸಿದರೆ ಕೊಳ್ಳುವುದು, ಇಲ್ಲವಾದರೆ ವಾಪಸ್ಸು. ಕಿಟಕಿ ಪಕ್ಕದ ಒಳ್ಳೆಯ ಜಾಗ ಅದಕ್ಕೇ ಸಿಕ್ಕಿತು. ಮಾವನ ಕಡೆಗಿದ್ದ ಫ್ಯಾನೂ ಅತ್ತ ತಿರುಗಿತು. ಕೂರಿಸಿ ಉಪಚಾರ ಮಾಡುವುದನ್ನು ನೋಡಿದ ನಾದಿನಿ ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟಳು. ಅಂಗಿಗಳಿಂದಲೇ ನಮಗೆ ಹೆಚ್ಚು ಆದಾಯವಾದ್ದರಿಂದ ಅಳಿಯನಿಗೆ ಅಂಗಿಗಳನ್ನೇ ಕೊಡಬೇಕೆಂದು ನಾನು ಲೆಕ್ಕ ಹಾಕಿ ಹೇಳಿದ್ದೆ.

ದಿನಾ ಸಂಜೆ ಆಫೀಸಿನಿಂದ ನೇರ ಅಂಗಡಿಗೆ ಹೋಗಿ ನೋಡುತ್ತಿದ್ದೆ. ಒಂದು ಅಂಗಿಯ ಮಡಿಕೆಯೂ ಕೆಟ್ಟಿರುತ್ತಿರಲಿಲ್ಲ. ಮಾವ ಖುಷಿಯಾಗಿದ್ದರು. ನನಗೆ ಮಾತ್ರ ಅನುಮಾನ. ತಪ್ಪೇ ಮಾಡದ ಯಂತ್ರವನ್ನು ನಾನು ಎಲ್ಲೂ ಕಂಡಿಲ್ಲ. ಮೇಲಾಗಿ, ಅತ್ತೆ ಈಗ ನೀರಿನ ಲೋಟವನ್ನೂ ಎಡಗೈಯಲ್ಲೇ ಎತ್ತುತ್ತಿದ್ದರು.

ತಿಂಗಳು ಮುಗಿದು ಯಂತ್ರ ಮಾರುವವನು ತೀರ್ಮಾನ ಕೇಳಲು ಬರುವ ಹಿಂದಿನ ಸಂಜೆ ಕಪಾಟಿನಿಂದ ಒಂದು ಅಂಗಿ ತೆಗೆದು ಬೆಳಕಿಗೆ ಹಿಡಿದೆ. ಯಂತ್ರ ತೋಳುಗಳನ್ನು ನೆಟ್ಟಗೆ ಕೆಳಗಿಳಿಸುತ್ತದೆ. ಇದರಲ್ಲಿ ತೋಳಿನ ತುದಿಗಳು ಕಾಲರಿನಡಿ ಓರೆಯಾಗಿ ಅಡಗಿದ್ದವು. ಮದುವೆಯಾದಂದಿನಿಂದ ನನ್ನ ಬೀರುವಿನಲ್ಲಿ ನೋಡುತ್ತ ಬಂದ ಅತ್ತೆಯ ಕೈಯ ಮಡಿಕೆ ಅದು.

“ಅತ್ತೆ, ಯಂತ್ರ ಮಡಚಿದ್ದನ್ನ ಯಾರಾದ್ರೂ ಬಿಚ್ಚಿ ಮತ್ತೆ ಮಡಚ್ತಿದ್ದೀರಾ?”

ಅತ್ತೆಯ ಎಡಗೈ ತಾನಾಗಿ ಬಲಭುಜಕ್ಕೆ ಹೋಯಿತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ,” ಎಂದಳು ನಾದಿನಿ, ಕಳ್ಳತನದಲ್ಲಿ ತನಗೂ ಪಾಲಿರುವುದನ್ನು ಮರೆತು.

ಆಮೇಲೆ ಒಂದೊಂದಾಗಿ ಹೊರಬಂತು. ಯಂತ್ರ ಕಾಲರನ್ನು ಸೊಟ್ಟ ಮಾಡುತ್ತಿತ್ತು. ಕೆಟ್ಟ ಅಂಗಿಗಳನ್ನು ನಾದಿನಿ ಆರಿಸಿ ಕೊಡುತ್ತಿದ್ದಳು, ಅತ್ತೆ ಬಿಚ್ಚಿ ಮಡಚುತ್ತಿದ್ದರು. ಬಾಗಿಲಲ್ಲಿ ಕಾವಲು ಮಾವನದು: ನನ್ನ ಸ್ಕೂಟರ್ ಕಂಡ ಕೂಡಲೇ ಕೆಮ್ಮಬೇಕು. ಆ ಕೆಮ್ಮಿಗೆ ನಾನು ಔಷಧಿ ತಂದುಕೊಟ್ಟಿದ್ದೆ. ಪಾಪ, ಬಾಟಲಿ ಮುಗಿಯುವವರೆಗೂ ಕುಡಿದಿದ್ದರು.

“ಇದು ದಂಡ ಅಂತ ಗೊತ್ತಾದ್ರೆ ನೀನು ಊಟ ಬಿಟ್ಟು ಕೂರ್ತೀಯ ಕಣೆ,” ಎಂದರು ಅತ್ತೆ. “ನಿನ್ನ ಮಾತು ಸುಳ್ಳಾಗ್ಬಾರ್ದು ಅಂತ ಮಾಡಿದ್ವಿ.”

“ಯಂತ್ರ ತಂದಿದ್ದು ನಿಮ್ಮ ಭುಜಕ್ಕೆ ಅತ್ತೆ, ನನ್ನ ಮರ್ಯಾದೆಗಲ್ಲ,” ಎಂದೆ.

ಮರುದಿನ ರಜೆ ಹಾಕಿ ಬೆಳಗ್ಗೆಯೇ ಅಂಗಡಿಯಲ್ಲಿ ಕೂತೆ. ಯಂತ್ರವನ್ನು ಬಿಟ್ಟು ಅತ್ತೆಯನ್ನು ನೋಡಿದೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಅಂಗಿ ಮಡಚುವಾಗ ಅವರ ಮೊಣಕೈ ಪಕ್ಕೆ ಬಿಟ್ಟು ಕದಲುವುದಿಲ್ಲ, ಚಕಚಕನೆ ಮುಗಿಯುತ್ತದೆ. ಆಸ್ಪತ್ರೆಯವರು ಒಗೆಯಲು ಕೊಡುವ ದೊಡ್ಡ ಟವೆಲುಗಳು ಬಂದಾಗ ಮಾತ್ರ ಎರಡೂ ಕೈ ತಲೆಯ ಮೇಲೆತ್ತಿ ಕೊಡವಬೇಕು. ಪ್ರತಿ ಸಲ ಅವರ ತುಟಿ ಬಿಗಿಯಾಗುತ್ತಿತ್ತು. ಕೂಡಲೇ ಟವೆಲುಗಳನ್ನೆಲ್ಲ ಯಂತ್ರಕ್ಕೆ ಕೊಡಿಸಿದೆ. ಚೌಕ, ಕಾಲರಿಲ್ಲ, ತೋಳಿಲ್ಲ. ಎಲ್ಲವೂ ನೀಟಾಗಿ ಬಂದವು, ಈ ಸಲ ನಮ್ಮೆಲ್ಲರ ಕಣ್ಣೆದುರಿಗೇ.

ಆದರೆ ಟವೆಲಿನಿಂದ ಸಿಗುವ ಆದಾಯ ಕಡಿಮೆ. ಒಂದು ವರ್ಷದಲ್ಲಿ ಹಿಂದಿರುಗುತ್ತದೆಂದು ನಾನು ಹೇಳಿದ್ದ ಹಣಕ್ಕೆ ನಾಲ್ಕು ವರ್ಷ ಬೇಕು. ಮಾರುವವನು ಬಂದು ಕೂತಿದ್ದಾಗಲೇ, ಅವನೆದುರಿಗೇ ಹಾಗೆಂದು ಹೇಳಿದೆ.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. “ನಾಲ್ಕು ವರ್ಷ ಅಂದ್ರೆ ನಿಮ್ಮ ಆಫೀಸಲ್ಲಿ ಒಪ್ತಾರಾ?”

“ಇಲ್ಲ ಮಾವ. ಅಲ್ಲಾದ್ರೆ ನಾನೇ ಬೇಡ ಅಂತೀನಿ.”

“ಇಲ್ಲಿ?”

“ಇಲ್ಲಿ ಇಟ್ಕೊಳ್ಳೋಣ.”

ಅವರು ಅತ್ತೆಯ ಕಡೆ ಒಮ್ಮೆ ನೋಡಿ, ಮಾರುವವನ ಪೆನ್ನಿಗೆ ಕೈಚಾಚಿದರು.

ಅತ್ತೆ ಮೇಜಿನ ಹಿಂದಿನಿಂದಲೇ ಕೇಳಿದರು: “ಏನಪ್ಪಾ, ನಾಲ್ಕು ವರ್ಷ ಬಾಳುತ್ತಾ ಇದು?”

ಜೋಪಾನವಾಗಿ ನೋಡಿಕೊಂಡರೆ ಹೆಚ್ಚೇ ಬಾಳುತ್ತದೆ ಎಂದ ಅವನು.

“ನಮ್ಮನೇಲಿ ಜೋಪಾನಕ್ಕೇನೂ ಕಮ್ಮಿ ಇಲ್ಲ, ಸ್ವಲ್ಪ ಜಾಸ್ತಿನೇ,” ಎಂದು ಅತ್ತೆ ನನ್ನ ಕಡೆ ನೋಡದೆಯೇ ಹೇಳಿ, ಮುಂದಿನ ಅಂಗಿಯನ್ನು ಎಳೆದುಕೊಂಡರು.